ನಾಟಕದ ರಂಗಪರಿಕರ: ಪಟ್ಟಿ ಮಾಡುವುದರಿಂದ ವಾಪಸ್ ಕೊಡುವವರೆಗೆ

ಕಾಲೇಜು ತಂಡಗಳಿಂದ, ಹವ್ಯಾಸಿ ತಂಡಗಳಿಂದ ಪದೇ ಪದೇ ಬರುವ ಪ್ರಶ್ನೆ ಒಂದಿದೆ: "ಪ್ರಾಪರ್ಟಿ ನೋಡ್ಕೊಳ್ಳೋ ಕೆಲಸ ನನಗೆ ಕೊಟ್ಟಿದ್ದಾರೆ. ಎಲ್ಲಿಂದ ಶುರು ಮಾಡಲಿ?"

ಪ್ರಾಪರ್ಟಿ ಅಂದರೆ ರಂಗದ ಮೇಲೆ ನಟರು ಬಳಸುವ ವಸ್ತುಗಳು. ಸಾಮಾನ್ಯವಾಗಿ ಈ ಕೆಲಸವನ್ನು ಪಾತ್ರ ಸಿಗದ ಹುಡುಗನಿಗೋ ಹುಡುಗಿಗೋ ಪ್ರದರ್ಶನದ ಹಿಂದಿನ ವಾರ ವಹಿಸುತ್ತಾರೆ. ಎಡವಟ್ಟು ಶುರುವಾಗುವುದೇ ಅಲ್ಲಿ. ನಟನ ಕೈಗೆ ಸರಿಯಾದ ಹೊತ್ತಿಗೆ ಪತ್ರ ಬರಲಿಲ್ಲ ಅಂದರೆ ಎರಡು ತಿಂಗಳ ತಾಲೀಮು ಅಲ್ಲೇ ಮುಗ್ಗರಿಸುತ್ತದೆ. ಹಾಗಾಗಿ ಈ ಕೆಲಸಕ್ಕೆ ಮೊದಲ ದಿನದಿಂದಲೇ ಒಬ್ಬರನ್ನು ಗೊತ್ತುಮಾಡಿ, ಅವರಿಗೆ ಬೇರೆ ಯಾವ ಜವಾಬ್ದಾರಿಯನ್ನೂ ಕೊಡಬೇಡಿ.

ಇಡೀ ಕೆಲಸದ ತಿರುಳು ಇಷ್ಟೇ: ರಂಗದ ಮೇಲೆ ಬರುವ ಪ್ರತಿ ವಸ್ತುವೂ ಯಾರ ಕೈಯಲ್ಲಿರುತ್ತದೆ, ಎಲ್ಲಿಂದ ಹೊರಡುತ್ತದೆ, ಕೊನೆಗೆ ಎಲ್ಲಿ ಹೋಗಿ ಸೇರುತ್ತದೆ ಎಂಬುದು ನಿಮಗೆ ಗೊತ್ತಿರಬೇಕು.

ಮೊದಲು ಹೆಸರುಗಳು

ರಂಗಸಜ್ಜಿಕೆ ಅಂದರೆ ಸೆಟ್: ಗೋಡೆ, ಬಾಗಿಲು, ಮೆಟ್ಟಿಲು, ಹಿಂದಿನ ಪರದೆ. ರಂಗಪರಿಕರ ಅಂದರೆ ಪ್ರಾಪ್ಸ್: ನಟರು ಮುಟ್ಟುವ, ಎತ್ತುವ, ಬಳಸುವ ವಸ್ತುಗಳು. ನಮ್ಮ ತಂಡಗಳಲ್ಲಿ ಇದನ್ನೇ ಪ್ರಾಪರ್ಟಿ ಅನ್ನುವವರು ಜಾಸ್ತಿ. ನಟ ಕೈಯಲ್ಲಿ ಹಿಡಿದು ಬರುವುದು ಕೈಪರಿಕರ. ಮೊದಲೇ ರಂಗದ ಮೇಲೆ ಇಟ್ಟಿರುವ ಕುರ್ಚಿ, ಮಂಚ, ಹೂಜಿ ಇವೆಲ್ಲ ಸೆಟ್ ಪ್ರಾಪ್ಸ್. ವಿಂಗ್ ಅಂದರೆ ರಂಗದ ಎರಡೂ ಪಕ್ಕದಲ್ಲಿ ಪ್ರೇಕ್ಷಕರಿಗೆ ಕಾಣದ ಜಾಗ. ಬಲ, ಎಡ ಹೇಳುವಾಗ ಪ್ರೇಕ್ಷಕರ ಕಡೆ ಮುಖ ಮಾಡಿ ನಿಂತ ನಟನ ಬಲ, ಎಡವನ್ನೇ ಹೇಳಬೇಕು. ತಂಡದಲ್ಲಿ ಇದನ್ನು ಮೊದಲ ದಿನವೇ ಇತ್ಯರ್ಥ ಮಾಡಿಕೊಳ್ಳಿ. ಇಲ್ಲದಿದ್ದರೆ ಕತ್ತಿ ಒಂದು ವಿಂಗಿನಲ್ಲಿ, ನಟ ಇನ್ನೊಂದು ವಿಂಗಿನಲ್ಲಿ.

1. ನಾಟಕ ಓದಿ ಪಟ್ಟಿ ಮಾಡಿ

ನಾಟಕವನ್ನು ಮೊದಲು ಸುಮ್ನೆ ಕಥೆಗಾಗಿ ಓದಿ. ಎರಡನೇ ಸಲ ಪೆನ್ಸಿಲ್ ಹಿಡಿದು ಓದಿ. ಬರೀ ಆವರಣದಲ್ಲಿ ಬರೆದ ರಂಗಸೂಚನೆಗಳನ್ನು ನೋಡಿದರೆ ಸಾಲದು, ಏಕೆಂದರೆ ಅರ್ಧದಷ್ಟು ವಸ್ತುಗಳು ಮಾತಿನೊಳಗೆ ಅಡಗಿರುತ್ತವೆ. "ತಗೋ, ಇದರಲ್ಲಿ ಎಷ್ಟಿದೆ ನೋಡು" ಎಂದು ಒಂದು ಪಾತ್ರ ಹೇಳಿದರೆ ಅಲ್ಲಿ ಒಂದು ಚೀಲವೋ ಗಂಟೋ ಇರಲೇಬೇಕು. ರಂಗಸೂಚನೆಯಲ್ಲಿ ಅದರ ಹೆಸರೇ ಇಲ್ಲದಿರಬಹುದು.

ಗಿರೀಶ್ ಕಾರ್ನಾಡರ 'ಹಯವದನ'ವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 1971ರಲ್ಲಿ ಪ್ರಕಟವಾದ ಈ ನಾಟಕವನ್ನು ಕನ್ನಡದ ತಂಡಗಳು ಇವತ್ತಿಗೂ ಆಡುತ್ತಿವೆ. ಅದರಲ್ಲಿ ವಸ್ತುಗಳೇ ಕಥೆಯನ್ನು ತಿರುಗಿಸುತ್ತವೆ. ಶುರುವಿನಲ್ಲೇ ಗಣಪತಿಯ ಮುಖವಾಡಕ್ಕೆ ಪೂಜೆ, ಅಂದರೆ ಮುಖವಾಡದ ಜೊತೆಗೆ ಪೂಜೆಯ ಸಾಮಾನೂ ಬೇಕು. ಆಮೇಲೆ ಕಾಳಿಯ ಗುಡಿಯ ಕತ್ತಿ. ಕಥೆಯ ಇಬ್ಬರು ಗೆಳೆಯರು, ದೇವದತ್ತ ತಲೆ ಕತ್ತರಿಸಿಕೊಳ್ಳುವುದೂ ಕಪಿಲ ಕತ್ತರಿಸಿಕೊಳ್ಳುವುದೂ ಅಲ್ಲೇ. ಕೊನೆಯ ಕಾಳಗಕ್ಕೆ ಇಬ್ಬರಿಗೂ ಬೇರೆ ಬೇರೆ ಆಯುಧ ಬೇಕು. ಹೀಗೆ ಪಟ್ಟಿಯಲ್ಲಿ "ಕತ್ತಿ" ಅಂತ ಒಂದೇ ಪದ ಬರೆದರೆ ಪ್ರಯೋಜನವಿಲ್ಲ. ಯಾವ ದೃಶ್ಯಕ್ಕೆ ಎಷ್ಟು, ಯಾವುದರಿಂದ ಬರೀ ಅಭಿನಯ, ಯಾವುದರಿಂದ ನಿಜವಾಗಿ ಹೊಡೆದಾಟ ಎಂದು ಬಿಡಿಸಿ ಬರೆಯಬೇಕು.

ಇದೇ ನಾಟಕದಲ್ಲಿ ಇನ್ನೊಂದು ಗಂಟು ಇದೆ. ಕತ್ತರಿಸಿದ ತಲೆಗಳನ್ನು ಮತ್ತೆ ಜೋಡಿಸುವಾಗ ಅವು ಅದಲುಬದಲಾಗುವುದನ್ನು ಮುಖವಾಡಗಳಿಂದ ತೋರಿಸುತ್ತಾರೆ. ಮುಖವಾಡ ಯಾರದು, ವಸ್ತ್ರದವರದೋ, ಮೇಕಪ್ ಮಾಡುವ ಪ್ರಸಾಧನದವರದೋ, ಪರಿಕರದವರದೋ? ದೇವದತ್ತ ಜಾತ್ರೆಯಿಂದ ಗೊಂಬೆಗಳನ್ನು ತರುತ್ತಾನೆ. ಅವು ಮಾತಾಡುತ್ತವೆ, ಮಕ್ಕಳೇ ಆ ಪಾತ್ರ ಮಾಡಬಹುದು. ಹಾಗಾದರೆ ಗೊಂಬೆ ನಿಮ್ಮ ಪಟ್ಟಿಗೆ ಬರುತ್ತದೋ ಇಲ್ಲವೋ? ಇಂಥ ಗಡಿಯಲ್ಲಿರುವ ವಸ್ತುಗಳೇ ಪ್ರದರ್ಶನದ ದಿನ ಕಾಣೆಯಾಗುವುದು. ಪ್ರತಿ ವಿಭಾಗದವರೂ "ಇನ್ನೊಬ್ಬರು ತರ್ತಾರೆ" ಅಂದುಕೊಂಡಿರುತ್ತಾರೆ. ಕನ್ನಡಕ, ಕೊಡೆ, ಊರುಗೋಲು, ಕೈಗಡಿಯಾರ, ತಾಳಿ, ಕೈಚೀಲ ಇವನ್ನೆಲ್ಲ ಬಾಯಿಮಾತಿನಲ್ಲಿ ಬಿಡದೆ, ಹೊಣೆ ಯಾರದು ಎಂದು ಹೆಸರು ಬರೆದಿಡಿ.

ಪಟ್ಟಿಯಲ್ಲಿ ಈ ಕಲಂಗಳಿರಲಿ: ದೃಶ್ಯ, ವಸ್ತು, ಎಷ್ಟು, ಯಾರು ತರುತ್ತಾರೆ, ಯಾವ ವಿಂಗಿನಿಂದ, ರಂಗದ ಮೇಲೆ ಅದಕ್ಕೆ ಏನಾಗುತ್ತದೆ, ಯಾರು ಒಯ್ಯುತ್ತಾರೆ, ಯಾವ ವಿಂಗಿಗೆ. ಕೊನೆಯ ಎರಡು ಕಲಂ ತುಂಬುವಾಗಲೇ ನಿಜವಾದ ತೊಡಕು ಕಣ್ಣಿಗೆ ಬೀಳುತ್ತದೆ. ಒಂದು ಚೊಂಬನ್ನೇ ನೋಡಿ. ಎರಡನೇ ದೃಶ್ಯದಲ್ಲಿ ತಾಯಿ ಬಲಗಡೆಯಿಂದ ನೀರು ತರುತ್ತಾಳೆ. ಬಂದ ನೆಂಟ ಕುಡಿದು ಚೊಂಬನ್ನು ನೆಲಕ್ಕಿಡುತ್ತಾನೆ. ಜಗಳವಾಗುತ್ತದೆ, ಇಬ್ಬರೂ ಬರಿಗೈಯಲ್ಲಿ ಒಳಗೆ ಹೋಗುತ್ತಾರೆ. ಮೂರನೇ ದೃಶ್ಯ ಕಾಡು. ಕಾಡಿನ ನಡುವೆ ಚೊಂಬು ಕೂತಿದೆ! ತಾಲೀಮಿನಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ದೃಶ್ಯ ಮುಗಿದ ತಕ್ಷಣ ಯಾರಾದರೂ ಎತ್ತಿಕೊಂಡಿರುತ್ತಾರೆ. ಪಟ್ಟಿಯಲ್ಲಿ "ಯಾರು ಒಯ್ಯುತ್ತಾರೆ" ಎಂಬ ಮನೆ ಖಾಲಿ ಇದ್ದರೆ ನಿರ್ದೇಶಕರನ್ನು ಆವತ್ತೇ ಕೇಳಿ. ತಾಯಿಯೇ ಒಯ್ಯಬಹುದು, ಅಥವಾ ಬೆಳಕು ಆರಿದಾಗ ರಂಗಸಹಾಯಕ ಬರಬಹುದು.

2. ನಿರ್ದೇಶಕರ ಜೊತೆ ಕೂತು ಪಟ್ಟಿ ಇಳಿಸಿ

ಎಲ್ಲವನ್ನೂ ತರಲೇಬೇಕೆಂದಿಲ್ಲ. ಗುಬ್ಬಿ ವೀರಣ್ಣನವರ ಕಂಪನಿ 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನು ರಂಗಕ್ಕೆ ತಂದಿತ್ತು. ಯಕ್ಷಗಾನದಲ್ಲಿ ಅದೇ ಕುರುಕ್ಷೇತ್ರವನ್ನು ಒಂದೇ ಪೀಠದಲ್ಲಿ ಮುಗಿಸುತ್ತಾರೆ. ಅದೇ ಸಿಂಹಾಸನ, ಅದೇ ರಥ. ಎರಡೂ ಜನರನ್ನು ಗೆದ್ದಿವೆ. ಅರ್ಧ ನಿಜ, ಅರ್ಧ ಅಭಿನಯ ಮಾತ್ರ ಮಾಡಬೇಡಿ. ಒಬ್ಬ ನಟ ನಿಜವಾದ ಲೋಟದಲ್ಲಿ ಕಾಫಿ ಕುಡಿದು, ಇನ್ನೊಬ್ಬ ಬರಿಗೈಯಲ್ಲಿ ಕುಡಿದಂತೆ ಮಾಡಿದರೆ ನೋಡುವವರಿಗೆ ಗೊಂದಲ. ನಾಟಕದ ಉದ್ದಕ್ಕೂ ಒಂದೇ ನಿಯಮವಿರಲಿ.

ರಂಗಮಂದಿರ ಯಾವುದೆಂದೂ ಈಗಲೇ ಕೇಳಿ. ಬೆಂಗಳೂರಿನ ರಂಗಶಂಕರದಲ್ಲಿ ಪ್ರೇಕ್ಷಕರು ಮೂರು ಕಡೆಯಿಂದ ಹತ್ತಿರದಲ್ಲೇ ಕೂರುತ್ತಾರೆ. ಅಲ್ಲಿ ಪತ್ರದ ಮೇಲೆ ಅಕ್ಷರ ಇಲ್ಲದಿದ್ದರೆ ಮುಂದಿನ ಸಾಲಿನವರಿಗೆ ಗೊತ್ತಾಗುತ್ತದೆ. ರವೀಂದ್ರ ಕಲಾಕ್ಷೇತ್ರದಂಥ ದೊಡ್ಡ ಸಭಾಂಗಣದಲ್ಲಿ ಸಣ್ಣ ಉಂಗುರ ಹಿಂದಿನವರಿಗೆ ಕಾಣುವುದೇ ಇಲ್ಲ. ಉಂಗುರದ ಮೇಲೆ ಕಥೆ ನಿಂತಿದ್ದರೆ ಅದನ್ನು ಸ್ವಲ್ಪ ದಪ್ಪಗೆ ಮಾಡಿಸಿ. ಇಲ್ಲವೇ ಕೆಂಪು ಬಟ್ಟೆಯಲ್ಲಿ ಸುತ್ತಿ ತರುವಂತೆ ಮಾಡಿ, ಆಗ ಕಣ್ಣು ಅಲ್ಲಿಗೆ ಹೋಗುತ್ತದೆ.

3. ಕಾಲ ನೋಡಿ

ನಾಟಕ ಯಾವ ವರ್ಷದಲ್ಲಿ ನಡೆಯುತ್ತದೆ? ಈ ಪ್ರಶ್ನೆಗೆ ಉತ್ತರ ಸಿಗುವವರೆಗೆ ಏನನ್ನೂ ಕೊಳ್ಳಬೇಡಿ. 1960ರ ದಶಕದ ಕಥೆಯಲ್ಲಿ ಬರುವ ಪತ್ರದ ಮೇಲೆ ಪಿನ್‌ಕೋಡ್ ಇರಬಾರದು, ಏಕೆಂದರೆ ಅದು ಬಂದದ್ದು 1972ರಲ್ಲಿ. ಸರ್ಕಾರಿ ಕಚೇರಿಯ ಬೋರ್ಡಿನಲ್ಲಿ "ಕರ್ನಾಟಕ ಸರ್ಕಾರ" ಅಂತಲೂ ಇರಬಾರದು. ರಾಜ್ಯಕ್ಕೆ ಆ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದಕ್ಕೂ ಮೊದಲು ಅದು ಮೈಸೂರು ರಾಜ್ಯ. 1957ಕ್ಕಿಂತ ಹಿಂದಿನ ಕಥೆಯಲ್ಲಿ ಆಣೆ, ಕಾಸಿನ ಲೆಕ್ಕ. ₹ ಚಿಹ್ನೆ ಬಂದದ್ದು 2010ರಲ್ಲಿ. ಅಂಗಡಿ ದೃಶ್ಯದ ದರಪಟ್ಟಿ ಬರೆಯುವ ಕಲಾವಿದರಿಗೆ ಇದನ್ನು ಮೊದಲೇ ಹೇಳಿಬಿಡಿ. ಅಜ್ಜಿಮನೆಯ ದೃಶ್ಯದಲ್ಲಿ ಪ್ಲಾಸ್ಟಿಕ್ ಕುರ್ಚಿ, ಪ್ಲಾಸ್ಟಿಕ್ ಕೊಡ ಬೇಡ ಅಂತ ಹೇಳಬೇಕಾಗಿಲ್ಲ ಅಲ್ವಾ? ಆದರೂ ಅವಸರದಲ್ಲಿ ಸಭಾಂಗಣದ ಕುರ್ಚಿಯನ್ನೇ ಎಳೆದು ಹಾಕುವವರಿದ್ದಾರೆ.

4. ತಾಲೀಮಿಗೆ ಮೊದಲ ವಾರದಿಂದಲೇ ಬದಲಿ ವಸ್ತು ಕೊಡಿ

ನಿಜವಾದ ವಸ್ತು ಸಿಗುವವರೆಗೆ ಅದೇ ಅಳತೆಯ, ಹೆಚ್ಚುಕಡಿಮೆ ಅದೇ ತೂಕದ ಡಮ್ಮಿ ಕೊಡಿ. ಕತ್ತಿಗೆ ಬಿದಿರು, ಪೆಟ್ಟಿಗೆಗೆ ರಟ್ಟಿನ ಡಬ್ಬ. ಬರಿಗೈಯಲ್ಲಿ ತಾಲೀಮು ಮಾಡಿದ ನಟನಿಗೆ ಕೊನೇ ದಿನ ಕೊಡೆ ಕೊಟ್ಟರೆ, ಆ ಕೊಡೆಯನ್ನು ಎಲ್ಲಿ ಇಡಬೇಕು ಎಂದು ಯೋಚಿಸುತ್ತಾ ಮಾತು ಮರೆಯುತ್ತಾನೆ. ಅದರಲ್ಲಿ ಅವನ ತಪ್ಪಿಲ್ಲ. ವೇಷ, ಬೆಳಕಿನ ಸಮೇತ ಮಾಡುವ ಕೊನೆಯ ತಾಲೀಮಾದ ಗ್ರ್ಯಾಂಡ್ ರಿಹರ್ಸಲ್‌ಗೆ ಕನಿಷ್ಠ ಒಂದು ವಾರ ಮೊದಲು ಅಸಲಿ ವಸ್ತುಗಳು ನಟರ ಕೈಗೆ ಸಿಗಬೇಕು. ಕತ್ತಿವರಸೆ, ಊಟದ ದೃಶ್ಯ, ಮಗುವಿನ ಗೊಂಬೆ ಎತ್ತಿಕೊಳ್ಳುವ ದೃಶ್ಯಗಳಿಗೆ ಇನ್ನೂ ಮುಂಚೆಯೇ ಕೊಡಿ.

5. ಹೊಂದಿಸುವುದು: ಎರವಲು, ಬಾಡಿಗೆ, ತಯಾರಿ

ಮೊದಲು ಎರವಲು ಕೇಳಿ. ಹಿತ್ತಾಳೆ ಪಾತ್ರೆ, ಹಳೇ ಟ್ರಂಕು, ಬೀಸುವ ಕಲ್ಲು, ರೇಡಿಯೋ ಇವೆಲ್ಲ ತಂಡದವರ ಮನೆಗಳ ಅಟ್ಟದಲ್ಲೇ ಸಿಗುತ್ತವೆ. ತಂದ ದಿನವೇ ಫೋಟೋ ತೆಗೆದು, ಯಾರ ಮನೆಯದು ಎಂದು ಬರೆದು, ಚೀಟಿ ಅಂಟಿಸಿ. ಬೆಲೆಬಾಳುವ, ಭಾವನೆ ಅಂಟಿಕೊಂಡ ವಸ್ತುಗಳನ್ನು ತರಲೇಬೇಡಿ. ತೀರಿಹೋದವರ ಗಡಿಯಾರ ಮುರಿದರೆ ದುಡ್ಡು ಕೊಟ್ಟು ಸರಿಮಾಡಲು ಆಗುವುದಿಲ್ಲ.

ಕಿರೀಟ, ಗದೆ, ಬಿಲ್ಲುಬಾಣ, ಭುಜಕೀರ್ತಿ ಇವು ಡ್ರಾಮಾ ಡ್ರೆಸ್ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತವೆ. ರಾಜ್ಯೋತ್ಸವ, ಶಾಲಾ ವಾರ್ಷಿಕೋತ್ಸವದ ಸಮಯದಲ್ಲಿ ಬೇಡಿಕೆ ಜಾಸ್ತಿ, ಮುಂಗಡ ಕೊಟ್ಟು ಕಾದಿರಿಸಿ. ಹಳೇ ಸಾಮಾನಿಗೆ ಗುಜರಿ ಅಂಗಡಿ ಸುತ್ತಿ.

ಉಳಿದದ್ದನ್ನು ನೀವೇ ಮಾಡಬೇಕು. ಇಲ್ಲಿ ಒಂದು ಹಳೆಯ ಮಾತು ನೆನಪಿರಲಿ. ಭರತನ ನಾಟ್ಯಶಾಸ್ತ್ರ ಆಹಾರ್ಯದ ಬಗ್ಗೆ, ಅಂದರೆ ವೇಷ, ಒಡವೆ, ಆಯುಧಗಳ ಬಗ್ಗೆ ಹೇಳುವಾಗ ಆಯುಧಗಳನ್ನು ಭಾರವಾದ ಲೋಹದಿಂದ ಮಾಡಬೇಡಿ, ಬಿದಿರು, ಅರಗು, ಬಟ್ಟೆಯಂಥ ಹಗುರ ವಸ್ತುಗಳಿಂದ ಮಾಡಿ ಎನ್ನುತ್ತದೆ. ಭಾರ ಹೊತ್ತ ನಟ ದಣಿಯುತ್ತಾನೆ ಎಂಬುದೇ ಕಾರಣ. ಇವತ್ತಿಗೂ ಇದಕ್ಕಿಂತ ಒಳ್ಳೆಯ ಸಲಹೆ ಇಲ್ಲ.

ಗದೆಗೆ ಥರ್ಮಾಕೋಲ್ ಅಥವಾ ಫೋಮ್, ನಡುವೆ ಬಿದಿರಿನ ಕೋಲು. ಥರ್ಮಾಕೋಲ್ ಮೇಲೆ ನೇರವಾಗಿ ಸ್ಪ್ರೇ ಪೇಂಟ್ ಹೊಡೆಯಬೇಡಿ, ಅದು ಕರಗಿ ತೂತು ಬೀಳುತ್ತದೆ. ಮೊದಲು ಫೆವಿಕಾಲ್‌ನಲ್ಲಿ ಅದ್ದಿದ ಹಳೇ ಕಾಟನ್ ಬಟ್ಟೆಯ ತುಂಡುಗಳನ್ನು ಒಂದರ ಮೇಲೊಂದು ಅಂಟಿಸಿ. ಒಂದಿಡೀ ದಿನ ಒಣಗಲು ಬಿಡಿ. ಆಮೇಲೆ ನೀರಿನಲ್ಲಿ ಕಲಸುವ ಬಣ್ಣ ಹಚ್ಚಿ. ಹೀಗೆ ಮಾಡಿದ ಗದೆ ಕೈಜಾರಿ ಬಿದ್ದರೂ ಮುರಿಯುವುದಿಲ್ಲ. ಮುಖವಾಡಕ್ಕೆ ಪೇಪರ್ ಮ್ಯಾಶ್ ಒಳ್ಳೆಯದು. ಹಳೇ ಪತ್ರಿಕೆ ನೆನೆಸಿ, ಅಂಟು ಬೆರೆಸಿದ ಮುದ್ದೆಗೆ ಹಾಗೆನ್ನುತ್ತಾರೆ. ಹಾಕಿಕೊಂಡ ನಟನಿಗೆ ಉಸಿರು ಆಡಬೇಕು, ಮಾತು ಹೊರಗೆ ಕೇಳಬೇಕು. ಬಣ್ಣ ಹಚ್ಚುವ ಮೊದಲೇ ಹಾಕಿ ನೋಡಲು ಹೇಳಿ.

ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ಮನೆಯ ಟ್ಯೂಬ್‌ಲೈಟಿನಲ್ಲಿ ಬಂಗಾರದಂತೆ ಕಂಡದ್ದು ರಂಗದ ಬೆಳಕಿನಲ್ಲಿ ಹಳದಿ ರಟ್ಟಿನಂತೆ ಕಾಣಬಹುದು. ಬೆಳಕಿನವರನ್ನು ಕೇಳಿ ಒಮ್ಮೆ ರಂಗದ ಮೇಲೇ ನೋಡಿ. ಕನ್ನಡಿ ಪ್ರೇಕ್ಷಕರ ಕಣ್ಣಿಗೆ ಬೆಳಕು ಎಸೆಯುತ್ತಿದ್ದರೆ ಅದರ ಮೇಲೆ ಒಣ ಸೋಪು ತೆಳ್ಳಗೆ ಸವರಿ. ಪಾತ್ರಕ್ಕೆ ಕೊಡುವ ಕನ್ನಡಕದ ಗಾಜು ತೆಗೆದುಬಿಡಿ.

ಖಾಲಿ ಸೂಟ್‌ಕೇಸ್ ಕೊಡಬೇಡಿ. ಊರು ಬಿಟ್ಟು ಹೋಗುವ ಮಗಳು ಬೆರಳಲ್ಲಿ ಸೂಟ್‌ಕೇಸ್ ತೂಗಿಸಿಕೊಂಡು ಹೋದರೆ ಆ ದೃಶ್ಯ ಸತ್ತಂತೆ. ಹಳೇ ಪುಸ್ತಕಗಳನ್ನು ಬಟ್ಟೆಯಲ್ಲಿ ಸುತ್ತಿ ಒಳಗೆ ಬಿಗಿಯಾಗಿ ಇಡಿ, ಅಲುಗಾಡಿ ಸದ್ದು ಮಾಡಬಾರದು. ತಟ್ಟೆಯಲ್ಲಿ ಲೋಟಗಳನ್ನು ತರುವುದಿದ್ದು, ಯಾರೂ ಅದರಿಂದ ಕುಡಿಯುವುದಿಲ್ಲ ಅಂದರೆ ಲೋಟಗಳನ್ನು ಎರಡು ಬದಿ ಅಂಟುವ ಟೇಪಿನಿಂದ ತಟ್ಟೆಗೆ ಅಂಟಿಸಿಬಿಡಿ. ಹೊಸ ನಟರ ಕೈ ನಡುಗಿದರೂ ಚಿಂತೆಯಿಲ್ಲ.

ಹರಿಯುವ, ಮುರಿಯುವ, ತಿನ್ನುವ ವಸ್ತುಗಳನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿ. ಐದು ಪ್ರದರ್ಶನ ಇದ್ದು, ಪ್ರತಿ ಸಲ ಒಂದು ಪತ್ರ ಹರಿಯುವುದಾದರೆ ಐದು ಪತ್ರ, ತಾಲೀಮಿಗೆ ಒಂದೆರಡು, ಮೇಲೆ ಎರಡು. ಪತ್ರದಲ್ಲಿ ನಟ ಓದುವ ಮಾತುಗಳನ್ನೇ ಬರೆದಿಡಿ. ಆದರೆ ಅದನ್ನು ನಂಬಿ ಬಾಯಿಪಾಠ ಬಿಡಬೇಡಿ ಎಂದು ನಟರಿಗೆ ಹೇಳಿ. ಬೆಳಕು ಮಂದವಾಗಿದ್ದರೆ ಒಂದಕ್ಷರವೂ ಕಾಣುವುದಿಲ್ಲ.

ತಿನ್ನುವ ದೃಶ್ಯಕ್ಕೆ ಬಾಳೆಹಣ್ಣು, ಸಣ್ಣ ಇಡ್ಲಿ ತುಂಡು ಒಳ್ಳೆಯದು. ಒಣ ಅವಲಕ್ಕಿ, ಚಕ್ಕುಲಿ ಗಂಟಲಲ್ಲಿ ಸಿಕ್ಕಿಕೊಂಡು ಮಾತು ನಿಲ್ಲಿಸುತ್ತವೆ. ನಟರಿಗೆ ಯಾವುದು ಆಗಿಬರುವುದಿಲ್ಲ, ಯಾರಿಗೆ ಉಪವಾಸ ಎಂದು ಮೊದಲೇ ಕೇಳಿಕೊಳ್ಳಿ. ಹೆಂಡಕ್ಕೆ ಆರಿದ ಕಪ್ಪು ಟೀ ಸಾಕು.

6. ಅಪಾಯದ ವಸ್ತುಗಳು

ಇಲ್ಲಿ ರಾಜಿ ಬೇಡ. ನಿಜವಾದ ಮಚ್ಚು, ಚೂರಿ, ಕುಡುಗೋಲು ರಂಗಕ್ಕೆ ಬರಕೂಡದು, ಮೊಂಡಾಗಿದ್ದರೂ ಬೇಡ. ಮರದಲ್ಲೋ ಫೋಮ್‌ನಲ್ಲೋ ಮಾಡಿ, ಅಂಚು ಉರುಟಾಗಿರಲಿ. ಪ್ರತಿ ಪ್ರದರ್ಶನಕ್ಕೂ ಮೊದಲು ಹಿಡಿ ಸಡಿಲವಾಗಿದೆಯೇ ಎಂದು ಎಳೆದು ನೋಡಿ. ಕಾಳಗದ ದೃಶ್ಯವನ್ನು ಅವತ್ತಿನ ದಿನ ಒಮ್ಮೆ ನಿಧಾನವಾಗಿ ಆಡಿಸಲೇಬೇಕು. ಆಟಿಕೆ ಬಂದೂಕಾದರೂ ಬೇರೊಬ್ಬರ ಮುಖಕ್ಕೆ ನೇರವಾಗಿ ಗುರಿಯಿಡುವುದು ಬೇಡ, ಸ್ವಲ್ಪ ಪಕ್ಕಕ್ಕೆ ಹಿಡಿದರೂ ಪ್ರೇಕ್ಷಕರಿಗೆ ವ್ಯತ್ಯಾಸ ತಿಳಿಯದು. ಸದ್ದು ಧ್ವನಿಯವರ ಕಡೆಯಿಂದ ಬರಲಿ. ದಾರಿಯಲ್ಲಿ ಒಯ್ಯುವಾಗ ಚೀಲದೊಳಗೆ ಮುಚ್ಚಿರಲಿ.

ಬೆಂಕಿಗೆ ಸಭಾಂಗಣದವರ ಲಿಖಿತ ಒಪ್ಪಿಗೆ ಬೇಕು. ದೀಪ, ಆರತಿಯ ಕರ್ಪೂರ, ಊದುಬತ್ತಿ ಎಲ್ಲವೂ ಇದರಲ್ಲಿ ಬರುತ್ತವೆ. ಒಪ್ಪಿಗೆ ಸಿಕ್ಕರೂ ವಿಂಗಿನಲ್ಲಿ ಒಂದು ಬಕೆಟ್ ಮರಳು, ಒದ್ದೆ ಗೋಣಿಚೀಲ ಇಟ್ಟು, ಅದರ ಪಕ್ಕ ಒಬ್ಬರು ನಿಂತಿರಬೇಕು. ಸಿಂಥೆಟಿಕ್ ಸೀರೆ ಉಟ್ಟವರ ಹತ್ತಿರ ಬೆಂಕಿ ಬೇಡವೇ ಬೇಡ. ಬ್ಯಾಟರಿ ದೀಪಗಳು ಈಗ ಚೆನ್ನಾಗಿ ಸಿಗುತ್ತವೆ, ಅವನ್ನೇ ಬಳಸಿ.

ಸಿಗರೇಟು, ಬೀಡಿ ಹಚ್ಚಬೇಡಿ. ಸಭಾಂಗಣಗಳೂ ಸೇರಿದಂತೆ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧದ ಈಗಿನ ನಿಯಮ 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿದೆ. ಹಚ್ಚದ ಬೀಡಿಯನ್ನು ಬೆರಳಲ್ಲಿ ಹೊರಳಿಸುವ ಅಭಿನಯವೇ ಎಷ್ಟೋ ಸಲ ಹೆಚ್ಚು ಹೇಳುತ್ತದೆ. ನೋಟಿನ ಕಂತೆ ಬೇಕಿದ್ದರೆ ನಿಜವಾದ ನೋಟಿನ ಕಲರ್ ಜೆರಾಕ್ಸ್ ತೆಗೆಯಬೇಡಿ. ಕರೆನ್ಸಿಯಂತೆ ಕಾಣುವ ಕಾಗದ ಮುದ್ರಿಸುವುದು ಅಪರಾಧ. ಅದೇ ಅಳತೆಗೆ ಕತ್ತರಿಸಿದ ಬಣ್ಣದ ಕಾಗದದ ಕಂತೆಗೆ ರಬ್ಬರ್ ಬ್ಯಾಂಡ್ ಹಾಕಿದರೆ ದೂರಕ್ಕೆ ಸಾಕು.

ರಕ್ತದ ಬಣ್ಣವನ್ನು ಅದೇ ವೇಷದ ಬಟ್ಟೆಯ ತುಂಡಿನ ಮೇಲೆ ಹಚ್ಚಿ, ಒಗೆದು ನೋಡಿದ ಮೇಲೆಯೇ ಬಳಸಿ. ನಾಟಕದ ಶೈಲಿ ಒಪ್ಪುವುದಾದರೆ ಕೆಂಪು ಬಟ್ಟೆಯ ಪಟ್ಟಿ ಎಳೆದು ತೋರಿಸುವುದು ನನಗೆ ಹೆಚ್ಚು ಇಷ್ಟ. ನೆಲವೂ ಜಾರುವುದಿಲ್ಲ.

7. ಪರಿಕರದ ಮೇಜು

ಇಡೀ ಲೇಖನದಲ್ಲಿ ಒಂದೇ ಸಲಹೆ ಪಾಲಿಸುತ್ತೀರಿ ಅಂದರೆ ಇದನ್ನು ಪಾಲಿಸಿ. ಎರಡೂ ವಿಂಗಿನಲ್ಲಿ ಒಂದೊಂದು ಮೇಜು ಹಾಕಿ. ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ಮಾಸ್ಕಿಂಗ್ ಟೇಪಿನಿಂದ ಚೌಕಗಳನ್ನು ಮಾಡಿ. ಒಂದು ಚೌಕಕ್ಕೆ ಒಂದು ವಸ್ತು. ಚೌಕದೊಳಗೆ ದಪ್ಪ ಮಾರ್ಕರಿನಲ್ಲಿ "ದೃಶ್ಯ 2, ಚೊಂಬು, ತಾಯಿ" ಎಂದು ಬರೆಯಿರಿ. ವಸ್ತುವಿನ ಆಕಾರವನ್ನೂ ಸುತ್ತ ಗೆರೆ ಎಳೆದು ಬಿಡಿಸಿದರೆ ಇನ್ನೂ ಒಳ್ಳೆಯದು. ಆಗ ಏನಿಲ್ಲ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಖಾಲಿ ಚೌಕವೇ ಕೂಗಿ ಹೇಳುತ್ತದೆ. ಮೇಜಿನ ಅಂಚಿಗೆ ಕತ್ತಲಲ್ಲಿ ಹೊಳೆಯುವ ಟೇಪ್ ಅಂಟಿಸಿ, ನೀಲಿ ಕಾಗದ ಸುತ್ತಿದ ಸಣ್ಣ ಟಾರ್ಚ್ ಇಡಿ.

ಮೇಜಿನ ನಿಯಮ ಮೂರೇ. ತನ್ನದಲ್ಲದ ವಸ್ತುವನ್ನು ಯಾರೂ ಮುಟ್ಟಬಾರದು. ರಂಗದಿಂದ ಹೊರಬಂದ ವಸ್ತು ಸೀದಾ ಚೌಕಕ್ಕೆ, ನಟರು ವೇಷ ಹಾಕಿಕೊಳ್ಳುವ ಗ್ರೀನ್ ರೂಮಿಗೆ ಅಲ್ಲ. ಮೇಜಿನ ಮೇಲೆ ಟೀ ಕಪ್, ಮೊಬೈಲ್, ಪರ್ಸ್ ಇಡಬಾರದು. ಕೊನೆಯದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಬಲಕ್ಕೆ ಹೋದ ವಸ್ತು ಮುಂದಿನ ದೃಶ್ಯದಲ್ಲಿ ಎಡದಿಂದ ಬರಬೇಕಾದರೆ ಅದನ್ನು ಪರದೆಯ ಹಿಂದಿನಿಂದ ದಾಟಿಸುವವರು ಯಾರು? ಹಳ್ಳಿಯ ಬಯಲು ರಂಗದಲ್ಲಿ ಹಿಂದೆ ದಾಟಲು ಜಾಗವೇ ಇರುವುದಿಲ್ಲ. ಅಂಥ ಕಡೆ ಎರಡು ಪ್ರತಿ ಇಟ್ಟುಕೊಳ್ಳುವುದು ಲೇಸು.

8. ಪ್ರದರ್ಶನದ ದಿನ

ಪರದೆ ಏಳುವ ಎರಡು ಗಂಟೆ ಮೊದಲು ಮೇಜು ಸಿದ್ಧವಾಗಿರಲಿ. ಅರ್ಧ ಗಂಟೆ ಮೊದಲು ಪಟ್ಟಿ ಹಿಡಿದು ಪ್ರತಿ ವಸ್ತುವನ್ನೂ ಕೈಯಿಂದ ಮುಟ್ಟಿ ಗುರುತು ಹಾಕಿ. ಕಣ್ಣಲ್ಲಿ ನೋಡಿ "ಎಲ್ಲ ಇದೆ" ಅನ್ನುವುದು ಬೇಡ. ಪೆಟ್ಟಿಗೆ ತೆಗೆದು ಒಳಗೆ ಪತ್ರ ಇದೆಯೇ ನೋಡಿ. ಪೆನ್ನು ಬರೆಯುತ್ತದೆಯೇ, ಕೊಡೆ ಬಿಚ್ಚುತ್ತದೆಯೇ, ಬ್ಯಾಟರಿ ದೀಪ ಹತ್ತುತ್ತದೆಯೇ ನೋಡಿ. ಆಮೇಲೆ ಮುಖ್ಯ ನಟರನ್ನು ಕರೆದು "ನಿಮ್ಮದು ನೀವು ಒಮ್ಮೆ ನೋಡಿಕೊಳ್ಳಿ" ಎನ್ನಿ. ಜೇಬಿನಲ್ಲಿ ಇಟ್ಟುಕೊಳ್ಳುವ ವಸ್ತುಗಳನ್ನು ವೇಷ ಹಾಕಿದ ಮೇಲೆಯೇ ಕೊಡಿ.

ಕೈಗೆಟಕುವಂತೆ ಒಂದು ಡಬ್ಬ ಇರಲಿ. ಅದರಲ್ಲಿ ಟೇಪ್, ಕತ್ತರಿ, ಸೂಜಿದಾರ, ಪಿನ್ನು, ಫೆವಿಕ್ವಿಕ್, ತಂತಿ, ಒಣ ಬಟ್ಟೆ, ಬ್ಯಾಟರಿ.

ವಸ್ತು ರಂಗದ ಮೇಲೆ ಮುರಿದರೆ ವಿಂಗಿನಿಂದ ಕೂಗಬೇಡಿ. ಮುಂದಿನ ಪ್ರವೇಶದ ನಟನ ಕೈಯಲ್ಲಿ ಬದಲಿ ಕಳಿಸಿ. ನಟರಿಗೂ ತಾಲೀಮಿನಲ್ಲೇ ಇದನ್ನು ರೂಢಿ ಮಾಡಿಸಿ: ಒಂದು ದಿನ ಬೇಕೆಂದೇ ಪತ್ರ ಇಡದೆ ನೋಡಿ, ಅವರು ಹೇಗೆ ನಿಭಾಯಿಸುತ್ತಾರೆ ಎಂದು. ನಿರ್ದೇಶಕರಿಗೆ ಮಾತ್ರ ಮೊದಲೇ ಹೇಳಿರಿ.

9. ಮುಗಿದ ಮೇಲೆ

ಚಪ್ಪಾಳೆ ಮುಗಿಯುವ ಹೊತ್ತಿಗೆ ಅಭಿನಂದಿಸಲು ಬಂದವರು ರಂಗ ಏರುತ್ತಾರೆ, ಮಕ್ಕಳು ಕಿರೀಟ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ವಸ್ತುಗಳು ಕಳೆಯುವುದು ಆಗಲೇ. ಮೊದಲು ಸಣ್ಣ ವಸ್ತುಗಳನ್ನು ಒಳಗೆ ಸೇರಿಸಿ, ಆಮೇಲೆ ಫೋಟೋ.

ಊರೂರು ತಿರುಗುವ ನಾಟಕವಾದರೆ ಪ್ಯಾಕಿಂಗ್ ಕೂಡ ತಾಲೀಮಿನ ಭಾಗವಾಗಬೇಕು. 1985ರಲ್ಲಿ ಶುರುವಾದ ಹೆಗ್ಗೋಡಿನ ನೀನಾಸಂ ಸಂಸ್ಥೆಯ 'ತಿರುಗಾಟ'ದಂಥ ಸಂಚಾರಿ ರಂಗದಲ್ಲಿ ಇವತ್ತು ಬಿಚ್ಚಿದ್ದನ್ನು ಮರುದಿನ ಇನ್ನೊಂದೂರಿನಲ್ಲಿ ಮತ್ತೆ ಕಟ್ಟಬೇಕು. ಟ್ರಂಕಿನ ಮುಚ್ಚಳದ ಒಳಗಡೆ ಆ ಟ್ರಂಕಿನ ಪಟ್ಟಿ ಅಂಟಿಸಿ. ಮೊದಲ ದೃಶ್ಯದ ವಸ್ತು ಮೇಲೆ ಬರುವಂತೆ ತುಂಬಿ. ಹೊರದೇಶದ ಕನ್ನಡ ಸಂಘದ ಕಾರ್ಯಕ್ರಮಕ್ಕೆ ವಿಮಾನದಲ್ಲಿ ಹೋಗುವುದಿದ್ದರೆ ಕತ್ತಿ, ಬಿಲ್ಲುಬಾಣ, ಬಂದೂಕಿನಂತೆ ಕಾಣುವ ಏನನ್ನೂ ಕೈಚೀಲದಲ್ಲಿ ಇಡಬೇಡಿ. ಚೆಕ್‌ಇನ್ ಸಾಮಾನಿನ ಬಗ್ಗೆಯೂ ವಿಮಾನದವರನ್ನು ಮೊದಲೇ ಕೇಳಿ. ಅಲ್ಲಿನ ಸಂಘದವರೇ ಮಾಡಿಸುತ್ತಾರೆ ಅಂದರೆ ಅಳತೆ ಕಳಿಸುವುದು ಇನ್ನೂ ಸುಲಭ.

ಎರವಲು ತಂದದ್ದನ್ನು ಮರುದಿನವೇ, ತಪ್ಪಿದರೆ ಎರಡನೇ ದಿನ ವಾಪಸ್ ಮಾಡಿ. ಹಿತ್ತಾಳೆ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ಬೆಳಗಿ ಕೊಡಿ. ಏನಾದರೂ ನೆಗ್ಗಿದ್ದರೆ ಮುಚ್ಚಿಡದೆ ಕೊಡುವಾಗಲೇ ತೋರಿಸಿ, ಸರಿಪಡಿಸುವ ಖರ್ಚು ತಂಡದ ಲೆಕ್ಕದಿಂದ ಹೋಗಲಿ. ತಂಡದ ಸ್ವಂತ ವಸ್ತುಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡಿ. ಪೇಪರ್ ಮ್ಯಾಶ್ ಮುಖವಾಡಗಳಿಗೆ ಅಂಟಿನ ವಾಸನೆಗೆ ಇಲಿ, ಜಿರಲೆ ಬರುತ್ತವೆ, ಬಟ್ಟೆಯಲ್ಲಿ ಸುತ್ತಿ ಮುಚ್ಚಳವಿರುವ ಡಬ್ಬದಲ್ಲಿ ಬೇವಿನೆಲೆಯ ಜೊತೆ ಇಡಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ಬಿಸಿಲು ಕಾಣಿಸಿ.